ಕತ್ತಿನೊಳಗಿನ ಏಳು ಮಣಿ

ಮೈಸೂರಿನಿಂದ ನಂಜನಗೂಡು ದಾಟಿ ಗುಂಡ್ಲುಪೇಟೆಯತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ಹೋಬಳಿ ಕೇಂದ್ರ ಬೇಗೂರು. ಊಟಿಗೋ ವಯನಾಡಿಗೋ ಹೊರಟ ಪ್ರವಾಸಿಗರು ಮಳೆಗಾಲದ ಆರಂಭದಲ್ಲಿ ಈ ಸೀಮೆಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳ ಮುಂದೆ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಹೊಲದಲ್ಲಿ ಬೆಳಗಿನಿಂದ ಕತ್ತು ಬಗ್ಗಿಸಿ ಹೂ ಕಿತ್ತು, ಸಂಜೆ ಸಿಂಬೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಮನೆಗೆ ಮರಳುವ ಹೆಂಗಸರು ಆ ಫೋಟೊಗಳಲ್ಲಿ ಇರುವುದಿಲ್ಲ. ಅವರಲ್ಲಿ ಐವತ್ತು ದಾಟಿದವರನ್ನು ಮಾತಾಡಿಸಿದರೆ ಕೇಳಿಬರುವ ಮಾತೇ ಬೇರೆ: "ಕತ್ತು ತಿರುಗ್ಸಕ್ಕಾಗಲ್ಲ ಕಣಪ್ಪ, ಕೈಯೆಲ್ಲ ಜೋಮು ಹಿಡೀತದೆ. ಫೋಟೊ ತೆಗ್ಸುದ್ರೆ ಮೂಳೆ ಸವ್ದೋಗದೆ ಅಂದ್ರು."

ಈ ಫೋಟೊ ಎಂದರೆ ಎಕ್ಸ್-ರೇ. ದೊಡ್ಡ ಲಕೋಟೆಯಲ್ಲಿ ಫಿಲಂ ಇಟ್ಟುಕೊಂಡು ಬಸ್ಸಿನಲ್ಲಿ ಕೂತ ಅಜ್ಜಿ, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗ. ಇದು ಯಾವ ಊರಿಗೂ ಹೊಸ ದೃಶ್ಯವಲ್ಲ. 'ಸವೆದಿದೆ' ಎಂಬ ಒಂದು ಮಾತು ಮನೆಮಂದಿಯನ್ನೆಲ್ಲ ಹೆದರಿಸಿಬಿಡುತ್ತದೆ. ಇನ್ನು ಅಜ್ಜಿ ಕೆಲಸ ಮಾಡುವಂತಿಲ್ಲ, ಕತ್ತಿಗೆ ಪಟ್ಟಿ ಬಿಗಿಯಬೇಕು, ಮುಂದೊಂದು ದಿನ ಕೈಕಾಲು ಬಿದ್ದುಹೋಗುತ್ತದೆ ಎಂಬ ಮಾತುಗಳು ಹುಟ್ಟಿಕೊಳ್ಳುತ್ತವೆ. ವಿಚಿತ್ರವೆಂದರೆ, ಹೆದರಬೇಕಾಗಿಲ್ಲದ ನೂರು ಮಂದಿ ಹೆದರುತ್ತಿರುವಾಗ, ನಿಜವಾಗಿ ಎಚ್ಚರಗೊಳ್ಳಬೇಕಾದ ಒಬ್ಬರು "ವಯಸ್ಸಾಯ್ತಲ್ಲ" ಎಂದು ಸುಮ್ಮನೆ ಕೂತಿರುತ್ತಾರೆ. ಈ ಎರಡರ ನಡುವಣ ವ್ಯತ್ಯಾಸವನ್ನು ಮನೆಯ ಓದುವ ಮಕ್ಕಳು ತಿಳಿದುಕೊಂಡರೆ ಹಿರಿಯರಿಗೆ ದೊಡ್ಡ ಉಪಕಾರ.

ಮೊದಲು ಹೆಸರಿನ ಗೊಂದಲ. ಎಲ್ಲರ ಬಾಯಲ್ಲೂ ಇದು 'ಸ್ಪಾಂಡಿಲೈಟಿಸ್'. ವೈದ್ಯಕೀಯದಲ್ಲಿ 'ಐಟಿಸ್' ಎಂದು ಕೊನೆಗೊಳ್ಳುವ ಹೆಸರಿಗೆ ಉರಿಯೂತ ಎಂಬ ಅರ್ಥವಿದೆ. ವಯಸ್ಸಿನೊಂದಿಗೆ ಕತ್ತಿನ ಮೂಳೆಗಳಲ್ಲಿ ಆಗುವ ಬದಲಾವಣೆಗೆ ಸರಿಯಾದ ಹೆಸರು 'ಸ್ಪಾಂಡಿಲೋಸಿಸ್'. ಗ್ರೀಕ್ ಭಾಷೆಯಲ್ಲಿ 'ಸ್ಪಾಂಡಿಲೋಸ್' ಎಂದರೆ ಬೆನ್ನುಮೂಳೆಯ ಮಣಿ. 'ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್' ಎಂಬ ಉರಿಯೂತದ ಕಾಯಿಲೆ ಬೇರೆಯೇ ಇದೆ. ಅದು ಹೆಚ್ಚಾಗಿ ಹರೆಯದಲ್ಲೇ ಶುರುವಾಗುತ್ತದೆ, ಬೆಳಿಗ್ಗೆ ಏಳುವಾಗ ಸೊಂಟ-ಬೆನ್ನು ಸೆಟೆದುಕೊಂಡಿರುತ್ತದೆ. ಅದಕ್ಕೆ ಕೊಡುವ ಔಷಧಿಗಳೂ ಬೇರೆ. ಹೆಸರು ಒಂದೇ ಅಕ್ಷರದಲ್ಲಿ ತಪ್ಪಿದರೆ ಏನಾಯಿತು ಎನ್ನುವವರು ಇದನ್ನು ನೆನಪಿಡಬೇಕು.

ಕತ್ತಿನ ಈ ಸವಕಲು ನರಗಳನ್ನೂ ಬೆನ್ನುಹುರಿಯನ್ನೂ ಒತ್ತಿದಾಗ ಏನೇನಾಗುತ್ತದೆ ಎಂಬುದನ್ನು 1952ರಲ್ಲಿ ಇಂಗ್ಲೆಂಡಿನ ಮೂವರು ವೈದ್ಯರು ವಿವರವಾಗಿ ಬರೆದರು. ಅವರಲ್ಲಿ ಮೊದಲಿಗರ ಹೆಸರು ರಸೆಲ್ ಬ್ರೈನ್, ಲೇಖನ ಪ್ರಕಟವಾದ ಪತ್ರಿಕೆಯ ಹೆಸರೂ 'ಬ್ರೈನ್'! ಮಿದುಳು ಎಂಬ ಅಡ್ಡಹೆಸರಿನ ನರರೋಗ ತಜ್ಞರು 'ಮಿದುಳು' ಪತ್ರಿಕೆಯಲ್ಲಿ ಬರೆದದ್ದು ಕಾಕತಾಳೀಯವಷ್ಟೆ.

ಜಿರಾಫೆಗೂ ಏಳೇ

ಮನುಷ್ಯನ ಕತ್ತಿನಲ್ಲಿ ಏಳು ಮಣಿಗಳಿವೆ. ಇಲಿಗೂ ಏಳು, ಆನೆಗೂ ಏಳು, ಆಳೆತ್ತರದ ಕತ್ತಿನ ಜಿರಾಫೆಗೂ ಏಳೇ. ಸಸ್ತನಿಗಳಲ್ಲಿ ಈ ಲೆಕ್ಕ ತಪ್ಪಿಸುವವು ಸ್ಲಾತ್ ಮತ್ತು ಮ್ಯಾನಟಿ ಎಂಬ ಪ್ರಾಣಿಗಳು ಮಾತ್ರ. ಗೂಬೆ ಹಕ್ಕಿಯಾದ್ದರಿಂದ ಅದಕ್ಕೆ ಹದಿನಾಲ್ಕು. ಮುಖವನ್ನು ಬೆನ್ನ ಕಡೆಗೆ ತಿರುಗಿಸಿ ನೋಡುವ ಅದರ ಚಮತ್ಕಾರಕ್ಕೆ ಅದೂ ಒಂದು ಕಾರಣ.

ನಮ್ಮ ಏಳರಲ್ಲಿ ಮೇಲಿನೆರಡು ವಿಶೇಷವಾದವು. ಮೊದಲನೆಯದು ಉಂಗುರದಂಥ ಮಣಿ, ಹೆಸರು ಅಟ್ಲಾಸ್. ನಮ್ಮಲ್ಲಿ ಆದಿಶೇಷ ಭೂಮಿಯನ್ನು ಹೊತ್ತಂತೆ ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೊತ್ತವನು ಅಟ್ಲಾಸ್. ಭೂಪಟಗಳ ಪುಸ್ತಕಕ್ಕೂ ಅದೇ ಹೆಸರು ಬಂದಿದೆ. ತಲೆ ಮೇಲೆ-ಕೆಳಗೆ ಆಡಿಸಿ 'ಹೂಂ' ಎನ್ನುವುದು ತಲೆಬುರುಡೆ ಈ ಉಂಗುರದ ಮೇಲೆ ತೂಗುವುದರಿಂದ. ಎರಡನೆಯ ಮಣಿಯಿಂದ ಒಂದು ಗೂಟ ಮೇಲಕ್ಕೆ ಎದ್ದು ಅಟ್ಲಾಸಿನ ಉಂಗುರದೊಳಗೆ ಕೂತಿದೆ. 'ಊಹೂಂ' ಎಂದು ಅತ್ತಿತ್ತ ತಲೆಯಾಡಿಸುವಾಗ ಉಂಗುರ ಈ ಗೂಟದ ಸುತ್ತ ತಿರುಗುತ್ತದೆ. ಕತ್ತು ತಿರುಗುವುದರಲ್ಲಿ ಸುಮಾರು ಅರ್ಧಪಾಲು ಇದೊಂದೇ ಜಾಗದಲ್ಲಿ ನಡೆಯುತ್ತದೆ.

ಎರಡನೆಯ ಮಣಿಯಿಂದ ಕೆಳಕ್ಕೆ, ಒಂದೊಂದು ಜೋಡಿಯ ನಡುವೆ ಒಂದೊಂದು ಮೆತ್ತನೆಯ ಬಿಲ್ಲೆ. ಇದೇ ಡಿಸ್ಕ್. ಇದರ ಹೊರಸುತ್ತು ಈರುಳ್ಳಿಯ ಪದರಗಳಂತೆ ಒಂದರೊಳಗೊಂದು ಕೂತ ಗಟ್ಟಿ ನಾರಿನದು. ನಡುವೆ ಎಳೆಯ ತಾಟಿನುಂಗಿನಂಥ ಲೋಳೆ. ಮಗು ಹುಟ್ಟಿದಾಗ ಆ ಲೋಳೆಯಲ್ಲಿ ಶೇಕಡಾ 80ರಿಂದ 90ರಷ್ಟು ನೀರೇ ಇರುತ್ತದೆ. ಲೋಳೆಯಲ್ಲಿರುವ ಕೆಲವು ದೊಡ್ಡ ಅಣುಗಳು ನೀರನ್ನು ಹಿಡಿದಿಟ್ಟುಕೊಂಡು ಬಿಲ್ಲೆಯನ್ನು ಬಿಗಿಯಾಗಿ ಇಡುತ್ತವೆ, ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ.

ಇದನ್ನು ನಂಬದ ವಿದ್ಯಾರ್ಥಿಗಳು ಮನೆಯಲ್ಲೇ ಪ್ರಯೋಗ ಮಾಡಿ ನೋಡಬಹುದು. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೆ ಗೋಡೆಗೆ ಬೆನ್ನು ಕೊಟ್ಟು ನಿಂತು, ನೆತ್ತಿಯ ಮೇಲೆ ರಟ್ಟಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯಿರಿ. ರಾತ್ರಿ ಮಲಗುವ ಮುನ್ನ ಮತ್ತೆ ಎಳೆಯಿರಿ. ರಾತ್ರಿಯ ಗೆರೆ ಒಂದು ಸೆಂಟಿಮೀಟರಿನ ಆಸುಪಾಸು ಕೆಳಗಿರುತ್ತದೆ. ದಿನವಿಡೀ ಮೈಭಾರ ಹೊತ್ತ ಬಿಲ್ಲೆಗಳಿಂದ, ಹೆಚ್ಚಾಗಿ ಬೆನ್ನು-ಸೊಂಟದವುಗಳಿಂದ, ನೀರು ಹಿಂಡಿಹೋಗಿರುತ್ತದೆ; ಮಲಗಿದಾಗ ಮತ್ತೆ ಹೀರಿಕೊಳ್ಳುತ್ತವೆ. ತೂಕವೇ ಬೀಳದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳು 5 ಸೆಂಟಿಮೀಟರಿನವರೆಗೂ ಉದ್ದವಾಗುವುದುಂಟು.

ಈ ಬಿಲ್ಲೆಗೆ ಒಂದು ಬಡತನವಿದೆ. ಬೆಳೆದ ಮನುಷ್ಯನಲ್ಲಿ ಇದರ ಒಳಭಾಗಕ್ಕೆ ರಕ್ತನಾಳಗಳೇ ಇಲ್ಲ. ಮೇಲಿನ ಮತ್ತು ಕೆಳಗಿನ ಮೂಳೆಯಿಂದ ಆಹಾರ ನಿಧಾನವಾಗಿ ಒಸರಿ ಬರಬೇಕು. ಹಾಗಾಗಿ ಚರ್ಮದ ಗಾಯದಂತೆ, ಮುರಿದ ಮೂಳೆಯಂತೆ ಇದು ಬೇಗ ದುರಸ್ತಿಯಾಗದು. ವರ್ಷಗಳು ಉರುಳಿದಂತೆ ನೀರು ಹಿಡಿದಿಡುವ ಅಣುಗಳು ಕಡಿಮೆಯಾಗುತ್ತವೆ, ಬಿಲ್ಲೆ ಒಣಗಿ ತೆಳುವಾಗುತ್ತದೆ, ನಾರಿನಲ್ಲಿ ಬಿರುಕು ಕಾಣುತ್ತದೆ. ಮಣಿಗಳು ಹತ್ತಿರವಾಗುತ್ತವೆ. ಆಗ ಮೂಳೆಯ ಅಂಚಿನಲ್ಲಿ ಹೊಸ ಮೂಳೆ ಮುಳ್ಳಿನಂತೆ ಬೆಳೆಯುತ್ತದೆ. ಇದು ಭಾರವನ್ನು ಅಗಲವಾದ ಜಾಗಕ್ಕೆ ಹಂಚಲು ದೇಹ ಮಾಡಿಕೊಳ್ಳುವ ಏರ್ಪಾಡು ಎಂದು ಹೇಳುವುದುಂಟು. ಅಂದಮೇಲೆ 'ಮೂಳೆ ಸವೆದಿದೆ' ಎಂಬ ಮಾತು ಪೂರ್ತಿ ಸರಿಯಲ್ಲ. ಸವೆದದ್ದು ಬಿಲ್ಲೆ, ಮೂಳೆ ಬೆಳೆದಿದೆ! ಆದ್ದರಿಂದ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಸವೆತ ತುಂಬಿಕೊಳ್ಳುತ್ತದೆ ಎಂಬ ಆಸೆಗೂ ಆಧಾರವಿಲ್ಲ. ಮೂಳೆ ಪೊಳ್ಳಾಗುವ ಕಾಯಿಲೆ ಬೇರೆ, ಇದು ಬೇರೆ.

ನೋವಿಲ್ಲದವರ ಕತ್ತು

ಕತ್ತು ನೋಯದವರ ಕತ್ತು ಹೇಗಿರುತ್ತದೆ? ಈ ಪ್ರಶ್ನೆ ಕೇಳಿದವರು ಕಡಿಮೆ. 1998ರಲ್ಲಿ ಜಪಾನಿನ ವೈದ್ಯರು ಯಾವ ತೊಂದರೆಯೂ ಇಲ್ಲದ 497 ಮಂದಿಯ ಕತ್ತಿನ ಎಂ.ಆರ್.ಐ. ಚಿತ್ರ ತೆಗೆದರು. ಇಪ್ಪತ್ತರ ಹರೆಯದ ಗಂಡಸರಲ್ಲೇ ಶೇಕಡಾ 17, ಹೆಂಗಸರಲ್ಲಿ ಶೇಕಡಾ 12 ಮಂದಿಯ ಬಿಲ್ಲೆಗಳಲ್ಲಿ ಸವಕಲು ಕಂಡಿತು. ಅರವತ್ತು ದಾಟಿದವರಲ್ಲಿ ಅದು ಗಂಡಸರಿಗೆ 86, ಹೆಂಗಸರಿಗೆ 89. ಇವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು! 2015ರಲ್ಲಿ ಅದೇ ದೇಶದಲ್ಲಿ 1,211 ಮಂದಿ ಆರೋಗ್ಯವಂತರನ್ನು ನೋಡಿದಾಗ ಶೇಕಡಾ 87ಕ್ಕೂ ಹೆಚ್ಚು ಮಂದಿಯಲ್ಲಿ ಡಿಸ್ಕ್ ಉಬ್ಬಿಕೊಂಡಿತ್ತು.

ಅಂದರೆ ಅರವತ್ತರ ಅಜ್ಜಿಯ ಎಕ್ಸ್-ರೇಯಲ್ಲಿ ಸವೆತ ಕಂಡಿತೆಂಬುದು ಅವರ ತಲೆಯಲ್ಲಿ ನರೆಗೂದಲು ಕಂಡಿತೆಂದ ಹಾಗೆ. ಕಾಣದಿದ್ದರೇ ಆಶ್ಚರ್ಯ. ಫಿಲಂ ನೋಡಿ ಕಾಯಿಲೆ ಹೇಳುವುದಲ್ಲ. ಮನುಷ್ಯನನ್ನು ನೋಡಿ, ಮುಟ್ಟಿ, ನಡೆಸಿ, ಆಮೇಲೆ ಫಿಲಂ ನೋಡಬೇಕು. ಈ ಕ್ರಮ ತಲೆಕೆಳಗಾದಾಗಲೇ ಅನಗತ್ಯ ಭಯವೂ ಖರ್ಚೂ ಹುಟ್ಟುವುದು.

ಹೊರೆ, ಮೊಬೈಲು, ಶಾಲೆಯ ಚೀಲ

ಹಾಗಾದರೆ ತಲೆಹೊರೆಯ ಪಾಲು ಏನೂ ಇಲ್ಲವೆ? ಇದೆ. ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲೂ ಹೆಂಗಸರು, ಹಮಾಲಿಗಳು ತಲೆಯ ಮೇಲೆ ಹೊರೆ ಹೊರುತ್ತಾರೆ. 1994ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದರಲ್ಲಿ, ಹೊರೆ ಹೊರದವರಿಗಿಂತ ಹೊತ್ತವರ ಕತ್ತಿನಲ್ಲಿ ಸವಕಲು ಹೆಚ್ಚಾಗಿ ಕಂಡಿತು. ಆದರೆ ಅದೊಂದೇ ಕಾರಣವಲ್ಲ. 1999ರಲ್ಲಿ ಅವಳಿಗಳ ಮೇಲೆ ನಡೆದ ಅಧ್ಯಯನದ ಪ್ರಕಾರ, ಕತ್ತಿನ ಬಿಲ್ಲೆಗಳ ಸವೆತದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಮುಕ್ಕಾಲು ಪಾಲಿನಷ್ಟು ಆನುವಂಶಿಕವಾದದ್ದು. ಅಕ್ಕಪಕ್ಕದ ಹೊಲಗಳಲ್ಲಿ ಒಂದೇ ಕೆಲಸ ಮಾಡಿದ ಇಬ್ಬರು ಹೆಂಗಸರಲ್ಲಿ ಒಬ್ಬರಿಗೆ ಕತ್ತು ಹಿಡಿದು, ಇನ್ನೊಬ್ಬರು ಎಪ್ಪತ್ತಕ್ಕೂ ಹೊರೆ ಹೊರುತ್ತಿದ್ದರೆ ಬೆರಗಾಗಬೇಕಿಲ್ಲ. ಬೀಡಿ-ಸಿಗರೇಟಿಗೂ ಬಿಲ್ಲೆಗಳ ಸವೆತಕ್ಕೂ ನಂಟಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಈಗಿನ ಮಕ್ಕಳ ಹೊರೆ ಬೇರೆ ಬಗೆಯದು. ತಲೆಯ ತೂಕ ಸುಮಾರು 5 ಕಿಲೊ. ತಲೆಯಾಡಿಸುವಾಗ ಅದು ಮೊದಲನೆಯ ವರ್ಗದ ಸನ್ನೆಯಾಗುತ್ತದೆಂದು ವಿಜ್ಞಾನದ ಪಾಠದಲ್ಲಿ ಓದಿರುತ್ತಾರೆ. ಆಧಾರ ನಡುವೆ, ಮುಖದ ಭಾರ ಮುಂದೆ, ಎಳೆದು ಹಿಡಿಯುವ ಸ್ನಾಯುಗಳು ಹಿಂದೆ ಹೆಡಕಿನಲ್ಲಿ. ತಲೆ ಮುಂದಕ್ಕೆ ಬಾಗಿದಷ್ಟೂ ಭಾರದ ತೋಳು ಉದ್ದವಾಗುತ್ತದೆ, ಹಿಂದಿನ ಸ್ನಾಯು ಹೆಚ್ಚು ಬಲದಿಂದ ಎಳೆಯಬೇಕಾಗುತ್ತದೆ. 2014ರಲ್ಲಿ ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಇದರ ಲೆಕ್ಕ ಹಾಕಿದರು. 15 ಡಿಗ್ರಿ ಬಾಗಿದರೆ ಕತ್ತಿನ ಮೇಲಿನ ಒತ್ತಡ ಸುಮಾರು 12 ಕಿಲೊ ತೂಕಕ್ಕೆ ಸಮ, 30 ಡಿಗ್ರಿಗೆ 18, 60 ಡಿಗ್ರಿಗೆ 27. ಇದು ಕಾಗದದ ಮೇಲಿನ ಮಾದರಿಯ ಲೆಕ್ಕ, ಯಾರ ಕತ್ತಿನೊಳಗೂ ತಕ್ಕಡಿ ಇಟ್ಟು ತೂಗಿದ್ದಲ್ಲ. ಮೊಬೈಲ್ ನೋಡಿದ್ದರಿಂದಲೇ ಬಿಲ್ಲೆ ಸವೆಯುತ್ತದೆ ಎಂಬುದು ಸಾಬೀತಾದ ಸಂಗತಿಯೂ ಅಲ್ಲ. ಆದರೆ ಎರಡು ತಾಸು ಬಗ್ಗಿ ಕೂತರೆ ಹೆಡಕಿನ ಸ್ನಾಯು ನೋಯುತ್ತದೆ ಎನ್ನುವುದಕ್ಕೆ ಯಾವ ಪುರಾವೆಯೂ ಬೇಡ, ಕೂತವರಿಗೇ ಗೊತ್ತು.

ಶಾಲೆಯ ಚೀಲದ ಕತೆಯೂ ಹೀಗೆಯೇ. ಚೀಲ ಹೊತ್ತ ಮಗುವಿಗೆ ಮುಂದೆ ಸ್ಪಾಂಡಿಲೋಸಿಸ್ ಬಂದೇ ಬರುತ್ತದೆಂದು ಹೇಳಲು ಬಾರದು. ಈಗ ಭುಜ-ಬೆನ್ನು ನೋಯುವುದಂತೂ ಖಚಿತ. ಕರ್ನಾಟಕ ಸರ್ಕಾರ 2019ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶದಂತೆ 1 ಮತ್ತು 2ನೇ ತರಗತಿಯವರ ಚೀಲ 1.5ರಿಂದ 2 ಕಿಲೊ, 9 ಮತ್ತು 10ನೇ ತರಗತಿಯವರದು 4ರಿಂದ 5 ಕಿಲೊ ಮೀರಬಾರದು. 2023ರಲ್ಲಿ ಶಾಲೆಗಳಿಗೆ ಇದನ್ನು ಮತ್ತೆ ನೆನಪಿಸಲಾಯಿತು. ಮನೆಯ ತಕ್ಕಡಿಯಲ್ಲಿ ಚೀಲವನ್ನು ಒಮ್ಮೆ ತೂಗಿ ನೋಡುವ ತಂದೆತಾಯಿಗಳು ಎಷ್ಟು ಮಂದಿಯೋ!

ಬೆರಳು ಹೇಳುವ ಗುಟ್ಟು

ಕತ್ತಿನಿಂದ ಎಡಕ್ಕೂ ಬಲಕ್ಕೂ ಎಂಟೆಂಟು ನರಗಳು ಹೊರಡುತ್ತವೆ. ಉಬ್ಬಿದ ಬಿಲ್ಲೆಯೋ ಮೂಳೆಯ ಮುಳ್ಳೋ ಯಾವುದಾದರೊಂದು ನರದ ಬುಡವನ್ನು ಅದುಮಿದರೆ ನೋವು ಕತ್ತಿನಲ್ಲೇ ನಿಲ್ಲದೆ ಭುಜದಿಂದ ಕೈಗಿಳಿಯುತ್ತದೆ, ಜೋಮು ಹಿಡಿಯುತ್ತದೆ. ಯಾವ ಬೆರಳು ಎಂಬುದೇ ಸುಳಿವು. ಹೆಬ್ಬೆರಳಾದರೆ ಆರನೆಯ ನರ, ನಡುಬೆರಳಾದರೆ ಏಳನೆಯದು, ಕಿರುಬೆರಳಾದರೆ ಎಂಟನೆಯದು ಎಂದು ಸ್ಥೂಲವಾಗಿ ಹೇಳಬಹುದು. ಹೆಚ್ಚಾಗಿ ಸಿಕ್ಕಿಬೀಳುವುದು ಆರು ಮತ್ತು ಏಳು, ಏಕೆಂದರೆ ಕತ್ತಿನ ಕೆಳಭಾಗದ ಮಣಿಗಳ ನಡುವೆಯೇ ಸವೆತ ಜಾಸ್ತಿ.

ಇಂಥ ನೋವಿರುವವರು ಕೆಲವರಿಗೆ ಕೈಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ ಹಾಯೆನಿಸುತ್ತದೆ. ನರದ ಎಳೆತ ಸಡಿಲವಾಗುವುದೇ ಅದರ ಗುಟ್ಟು. ವೈದ್ಯರು ಇದನ್ನೇ ಒಂದು ಲಕ್ಷಣವಾಗಿ ಗಮನಿಸುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ತಲೆಯ ಮೇಲೆ ಕೈ ಹೊತ್ತು ಕೂರುವುದು ದರಿದ್ರ! "ಕೈ ತೆಗಿ" ಎಂದು ಸೊಸೆಯನ್ನು ಗದರಿಸುವ ಮೊದಲು ಅವಳಿಗೆ ಕೈ ನೋಯುತ್ತಿದೆಯೆ ಎಂದು ಕೇಳುವುದು ಒಳ್ಳೆಯದು.

ಒಂದೇ ನರ ಸಿಕ್ಕಿಬಿದ್ದ ಈ ಬಗೆಯ ನೋವು ಎಷ್ಟೇ ಕಾಡಿದರೂ ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಇಳಿಯುತ್ತದೆ. ಎಡಗೈ ನೋವಿನ ಜೊತೆ ಎದೆ ಹಿಂಡಿದಂತಾಗಿ ಬೆವರಿದರೆ ಮಾತ್ರ ಕತ್ತಿನ ಮೂಳೆಯನ್ನು ದೂರುತ್ತ ಕೂರಬಾರದು. ಅದು ಹೃದಯದ ಕರೆ ಇರಬಹುದು. ಕತ್ತುನೋವಿನ ಜೊತೆ ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆ ಕೆಡಿಸುವ ನೋವು ಇದ್ದರೆ ಕ್ಷಯವೋ ಗಂತಿಯೋ ಎಂದು ಪರೀಕ್ಷಿಸಬೇಕಾಗುತ್ತದೆ. ಮಗ್ಗುಲು ತಿರುಗಿದಾಗ ಕೋಣೆಯೇ ತಿರುಗಿದಂತಾಗುವ ತಲೆಸುತ್ತಿಗೂ ಕತ್ತಿನ ಮೇಲೆ ಅಪವಾದ ಬರುತ್ತದೆ. ಅದರ ಮೂಲ ಹೆಚ್ಚಾಗಿ ಒಳಗಿವಿಯಲ್ಲಿ ಜಾಗ ತಪ್ಪಿದ ಸಣ್ಣ ಹರಳುಗಳು.

ಹತ್ತು ಸೆಕೆಂಡಿನ ಎಣಿಕೆ

ನಿಜವಾದ ಅಪಾಯ ಇರುವುದು ಬೆನ್ನುಹುರಿಯ ಬಳಿ. ಮಿದುಳಿನಿಂದ ಕೈಕಾಲುಗಳಿಗೆ ಹೋಗುವ, ಬರುವ ಎಲ್ಲ ಸಂದೇಶಗಳೂ ಕತ್ತಿನ ಮಣಿಗಳ ನಡುವಿನ ಸುರಂಗದ ಮೂಲಕವೇ ಸಾಗಬೇಕು. ಆ ಸುರಂಗ ಸಾಮಾನ್ಯವಾಗಿ 17 ಮಿಲಿಮೀಟರಿನಷ್ಟು ಅಗಲ. 13ಕ್ಕಿಂತ ಕಡಿಮೆಯಾದರೆ ಇಕ್ಕಟ್ಟು. ಹಿಂದಿನಿಂದ ದಪ್ಪಗಾದ ಕಟ್ಟುನಾರು, ಮುಂದಿನಿಂದ ಬಿಲ್ಲೆ ಮತ್ತು ಮೂಳೆಮುಳ್ಳು ಸೇರಿ ಬೆನ್ನುಹುರಿಯನ್ನು ಮೆಲ್ಲಮೆಲ್ಲನೆ ಅದುಮಿದಾಗ ತಮಾಷೆಯೆಂದರೆ ನೋವೇ ಇಲ್ಲದಿರಬಹುದು. ಮೋಸವಾಗುವುದು ಇಲ್ಲೇ. ನೋವಿಲ್ಲವಲ್ಲ ಎಂದು ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ.

ಅದರ ಗುರುತುಗಳು ಬೇರೆ ಕಡೆ ಕಾಣುತ್ತವೆ. ರವಿಕೆಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ. ನಿನ್ನೆಮೊನ್ನೆಯವರೆಗೆ ಸರಸರನೆ ಹೂ ಕಟ್ಟುತ್ತಿದ್ದವರ ದಾರ ಕೈತಪ್ಪುತ್ತದೆ, ಸೂಜಿಗೆ ನೂಲು ಪೋಣಿಸಲಾಗದು, ತಟ್ಟೆಯ ತುತ್ತು ಚೆಲ್ಲುತ್ತದೆ. ಕಾಲಿನ ಚಪ್ಪಲಿ ಜಾರಿಹೋದದ್ದೇ ತಿಳಿಯುವುದಿಲ್ಲ. ಹೊಲದ ಬದುವಿನ ಮೇಲೆ, ಅದೂ ಕತ್ತಲಲ್ಲಿ, ನಡೆಯುವಾಗ ಕಾಲು ತೂರಾಡುತ್ತದೆ. ಮೂತ್ರ ಬಂದರೆ ತಡೆಯಲಾಗದು. ಕತ್ತು ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಕರೆಂಟು ಹೊಡೆದಂತಾಗುತ್ತದೆ. ಇವನ್ನೆಲ್ಲ ಬಿಡಿಬಿಡಿಯಾಗಿ ನೋಡಿ ವಯಸ್ಸು, ನಿಶ್ಶಕ್ತಿ, ಸಕ್ಕರೆ ಕಾಯಿಲೆ ಎಂದು ತಳ್ಳಿಹಾಕುವುದು ಸುಲಭ. 2013ರ ಒಂದು ಅಧ್ಯಯನದಲ್ಲಿ, ಲಕ್ಷಣ ಶುರುವಾದ ಮೇಲೆ ಕಾಯಿಲೆ ಪತ್ತೆಯಾಗಲು ಸರಾಸರಿ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿತ್ತು. ಬೆನ್ನುಹುರಿಗೆ ಎರಡು ವರ್ಷ ಸಣ್ಣ ಅವಧಿಯಲ್ಲ.

ವೈದ್ಯರು ಬಳಸುವ ಒಂದು ಸರಳ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಅಂಗೈ ಕೆಳಮುಖವಾಗಿಟ್ಟು ಮುಷ್ಟಿಯನ್ನು ಪೂರ್ತಿ ಬಿಗಿದು ಪೂರ್ತಿ ಬಿಚ್ಚಬೇಕು, ಆದಷ್ಟು ವೇಗವಾಗಿ, ಹತ್ತು ಸೆಕೆಂಡು. ಆರೋಗ್ಯವಂತರು ಇಪ್ಪತ್ತು ಸಲ ಅಥವಾ ಅದಕ್ಕೂ ಹೆಚ್ಚು ಮಾಡುತ್ತಾರೆ. ಎಣಿಕೆ ಅದಕ್ಕಿಂತ ಬಹಳ ಕಡಿಮೆಯಾದರೆ, ಬೆರಳುಗಳು ನಿಧಾನವಾಗಿ ಬಿಚ್ಚಿಕೊಂಡರೆ, ಮೇಲಿನ ಲಕ್ಷಣಗಳೂ ಇದ್ದರೆ ತಡಮಾಡಬಾರದು. ಕೀಲುವಾತದಿಂದ ಬೆರಳು ಬಿಗಿದವರಲ್ಲೂ ಎಣಿಕೆ ಕಡಿಮೆ ಬರಬಹುದು; ಆದ್ದರಿಂದ ಇದು ತೀರ್ಪಲ್ಲ, ವೈದ್ಯರಲ್ಲಿಗೆ ಹೋಗಲು ಒಂದು ಕಾರಣ ಅಷ್ಟೆ.

ಸುರಂಗ ಇಕ್ಕಟ್ಟಾದವರಿಗೆ ಬಚ್ಚಲಲ್ಲಿ ಜಾರಿ ಮುಗ್ಗರಿಸುವಂಥ ಸಣ್ಣ ಬೀಳುವಿಕೆಯೂ ದೊಡ್ಡ ಪೆಟ್ಟಾಗಬಹುದು. ಮೂಳೆ ಮುರಿಯದಿದ್ದರೂ ಕೈಗಳ ಬಲ ಹೋಗುವುದುಂಟು. ಇಂಥವರಿಗೆ ಶಸ್ತ್ರಚಿಕಿತ್ಸೆ ಮಾಡುವುದು ಒತ್ತಡ ಬಿಡಿಸಿ ಇನ್ನಷ್ಟು ಕೆಡದಂತೆ ತಡೆಯಲು. ಬೇಗ ಬಂದವರಲ್ಲಿ ಕಳೆದುಕೊಂಡ ಶಕ್ತಿಯೂ ಒಂದಿಷ್ಟು ಮರಳುತ್ತದೆ. ಕತ್ತಿನ ಮುಂಭಾಗದಿಂದ, ಅನ್ನನಾಳ-ಶ್ವಾಸನಾಳಗಳನ್ನು ಪಕ್ಕಕ್ಕೆ ಸರಿಸಿ ಬಿಲ್ಲೆಯನ್ನು ತೆಗೆಯುವ ವಿಧಾನ 1950ರ ದಶಕದಿಂದಲೂ ಬಳಕೆಯಲ್ಲಿದೆ.

ಉಳಿದ ನೂರು ಮಂದಿಗೆ

ಉಳಿದವರಿಗೆ ಬೇಕಾದದ್ದು ಚಲನೆ. ಕತ್ತಿಗೆ ಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ಇದ್ದರೆ ಸ್ನಾಯುಗಳು ಕೆಲಸ ಮರೆತು ಸೊರಗುತ್ತವೆ. ನೋವು ಜೋರಾಗಿರುವ ಕೆಲವೇ ದಿನಗಳಿಗೆ ಅದು ಸಾಕು. ಹಣೆಗೆ ಅಂಗೈ ಒತ್ತಿ, ತಲೆ ಅಲುಗದಂತೆ ಎದುರೊತ್ತುವುದು, ಹಾಗೆಯೇ ಹಿಂದೆ, ಅಕ್ಕಪಕ್ಕ, ಒಂದೊಂದಕ್ಕೂ ಐದಾರು ಸೆಕೆಂಡು. ಇದನ್ನು ದಿನಕ್ಕೆರಡು ಬಾರಿ ಮಾಡಿದರೆ ಹೆಡಕಿಗೆ ಬಲ. ಕೈಜೋಮು ಇರುವವರು ವೈದ್ಯರನ್ನು ಕೇಳಿ ಮಾಡಬೇಕು. ದಿಂಬು ಕತ್ತಿನ ಬಾಗಿಗೆ ಆಸರೆಯಾಗುವಷ್ಟಿದ್ದರೆ ಸಾಕು. ಎರಡರ ಮೇಲೊಂದು ಪೇರಿಸುವುದೂ ಬೇಡ, ದಿಂಬೇ ಇಲ್ಲದೆ ಮಲಗುವ ವ್ರತವೂ ಬೇಡ. ಹೂ ಕೀಳುವವರು, ಹೊಲಿಗೆಯವರು, ಪರೀಕ್ಷೆಗೆ ಓದುವವರು ಅರ್ಧ ಗಂಟೆಗೊಮ್ಮೆ ತಲೆಯೆತ್ತಿ ಸುತ್ತ ನೋಡಬೇಕು. ಹುಲ್ಲಿನ ಹೊರೆಯನ್ನು ಎರಡು ಸಣ್ಣ ಹೊರೆ ಮಾಡುವುದು, ಮನೆಯ ಹುಡುಗರು ಸೈಕಲ್ಲಿನಲ್ಲೋ ಬೈಕಿನಲ್ಲೋ ಒಂದನ್ನು ತರುವುದು ಯಾವ ಮುಲಾಮಿಗಿಂತಲೂ ಮೇಲು.

ಮಾಡಲೇಬಾರದ ಒಂದಿದೆ. ಕ್ಷೌರದಂಗಡಿಯಲ್ಲಿ ಕೊನೆಗೆ ತಲೆ ಹಿಡಿದು 'ಲಟಕ್' ಎಂದು ಕತ್ತು ತಿರುಗಿಸುವ ಪದ್ಧತಿ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮಣಿಗಳ ತೂತಿನ ಮೂಲಕವೇ ಹತ್ತಿ ಹೋಗುತ್ತವೆ, ಇನ್ನೆರಡು ಮುಂಭಾಗದಲ್ಲಿವೆ. ಹಠಾತ್ ತಿರುವಿಗೆ ನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿದ ಪ್ರಸಂಗಗಳಿವೆ. ಹೀಗೆ ಕತ್ತು ತಿರುಗಿಸಿಕೊಂಡ ಬಳ್ಳಾರಿ ಕಡೆಯ ಯುವಕನೊಬ್ಬನಿಗೆ ಪಾರ್ಶ್ವವಾಯುವಾಗಿ, ಚೇತರಿಸಿಕೊಳ್ಳಲು ಎರಡು ತಿಂಗಳು ಹಿಡಿದದ್ದು 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು.

ಬೇಗೂರಿನ ಸುತ್ತಿನವರು ಮೊದಲು ಸಮೀಪದ ಸರ್ಕಾರಿ ವೈದ್ಯರಿಗೆ ತೋರಿಸಿ, ಅಗತ್ಯವಿದ್ದರೆ ಚಾಮರಾಜನಗರದ ವೈದ್ಯಕೀಯ ಕಾಲೇಜಿಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಶಿಫಾರಸು ಪತ್ರ ಪಡೆಯಬಹುದು. ನರಗಳ ತೊಡಕು ಹೆಚ್ಚಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಶಿಫಾರಸು ಪತ್ರಕ್ಕೆ ಮಹತ್ವವಿದೆ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಜೊತೆಗೆ ಹೋಗುವ ಮೊಮ್ಮಕ್ಕಳು ಮೂರು ವಿಷಯ ಬರೆದುಕೊಂಡು ಹೋದರೆ ವೈದ್ಯರ ಕೆಲಸ ಅರ್ಧ ಮುಗಿದಂತೆ: ಯಾವ ಬೆರಳಿಗೆ ಜೋಮು, ಗುಂಡಿ ಹಾಕಲು ಯಾವಾಗಿನಿಂದ ಕಷ್ಟ, ನಡಿಗೆ ಎಂದಿನಿಂದ ಬದಲಾಯಿತು. ಹಳೆಯ ಎಕ್ಸ್-ರೇ ಫಿಲಮನ್ನು ಅಟ್ಟದ ಮೇಲೆ ಮಡಿಚಿ ಎಸೆಯದೆ ಲಕೋಟೆಯಲ್ಲೇ ನೆಟ್ಟಗೆ ಇಟ್ಟಿರಬೇಕು. ಐದು ವರ್ಷದ ನಂತರ ತೆಗೆದ ಹೊಸ ಫಿಲಮನ್ನು ಹೋಲಿಸಿ ನೋಡಲು ಅದು ಬೇಕಾಗುತ್ತದೆ.